ಒಂದು ಬೆರಳಿನ ಸಂದು

ನನ್ನ ಹೊಟ್ಟೆಪಾಡು ಸಂದು ಹುಡುಕುವುದು, ಸಿಕ್ಕಿದ ಸಂದನ್ನು ಮುಚ್ಚುವುದು. ವಿಸಿಟಿಂಗ್ ಕಾರ್ಡಿನಲ್ಲಿ ಇದನ್ನೇ ಸುತ್ತಿ ಬಳಸಿ ಎರಡು ಸಾಲಾಗಿ ಅಚ್ಚು ಹಾಕಿಸಿದ್ದಾರೆ. ಹೆತ್ತ ಆಯಿಗೆ ಮಾತ್ರ ಈ ಕೆಲಸ ಇವತ್ತಿಗೂ ತಲೆಗೆ ಹೋಗಿಲ್ಲ. "ಗಾಳಿ ಬರದಂಗೆ ಮಾಡೂಕೂ ಪಗಾರ ಕೊಡ್ತಾರಾ, ಭರತಾ?" ಎಂದು ನೆಂಟರ ಎದುರೇ ಕೇಳಿ ನನ್ನ ಮಾನ ಕಳೆಯುತ್ತಾಳೆ. ಕೊಡುತ್ತಾರೆ. ದೊಡ್ಡ ಕಟ್ಟಡದಲ್ಲಿ ಎಸಿ ಹಾಕಿ ತಂಪು ಮಾಡಿದ ಗಾಳಿ ಬಾಗಿಲಿನ ಸಂದಿನಿಂದ ಸೋರಿದರೆ ಕರೆಂಟು ಸೋರಿದಂತೆಯೇ. ಎಷ್ಟು ಸೋರುತ್ತದೆಂದು ಅಳೆದು, ಇದಕ್ಕಿಂತ ಹೆಚ್ಚು ಸೋರುವುದಿಲ್ಲ ಎಂದು ಕಾಗದದ ಮೇಲೆ ಸಹಿ ಹಾಕಲು ಒಬ್ಬ ಬೇಕು. ಆ ಒಬ್ಬ ನಾನು.

ಹುಟ್ಟಿದ ಊರಿನಲ್ಲೇ ಅಂಥ ಕೆಲಸ ಬಂದೀತು ಎಂದು ಎಣಿಸಿರಲಿಲ್ಲ. 2009ರ ನವೆಂಬರಿನಲ್ಲಿ, ಅಮದಳ್ಳಿಯ ಆಚೆ ಸಮುದ್ರಕ್ಕೆ ಮುಖ ಮಾಡಿದ ಗುಡ್ಡದ ಮೇಲೆ ಒಂದು ಕಂಪನಿಯ ಅತಿಥಿಗೃಹ ಎದ್ದಿತ್ತು. ಅದರ ಹಾಲಿಗೆ ಪಶ್ಚಿಮದ ಗೋಡೆಯೇ ಇಲ್ಲ. ಗೋಡೆ ಇರಬೇಕಾದಲ್ಲಿ ಇಪ್ಪತ್ತೊಂದು ಅಡಿ ಅಗಲದ ಗಾಜಿನ ಬಾಗಿಲು, ಏಳು ಕದ. ಬೇಕೆಂದಾಗ ಏಳೂ ಚಾಪೆಯ ಹಾಗೆ ಮಡಚಿಕೊಂಡು ಮೂಲೆ ಸೇರುತ್ತವೆ, ಹಾಲು ಸಮುದ್ರದ ಜಗಲಿಯಾಗುತ್ತದೆ. ಎರಡು ಪದರದ ಗಾಜು, ನಡುವೆ ಕಣ್ಣಿಗೆ ಕಾಣದ ಲೇಪ, ಸುತ್ತ ಮೂರು ಸಾಲು ರಬ್ಬರು. ಎಷ್ಟು ಶಾಖ ದಾಟುತ್ತದೆ, ಎಷ್ಟು ಬಿಸಿಲು ನುಗ್ಗುತ್ತದೆ, ಎಷ್ಟು ಗಾಳಿ ಸೋರುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದ ಪ್ರಮಾಣಪತ್ರ ಬಾಗಿಲಿನ ಜೊತೆಗೇ ಬಂದಿತ್ತು.

ಆದರೆ ಪ್ರಯೋಗಾಲಯದ ಬಾಗಿಲು ಬೇರೆ, ಗುಡ್ಡದ ಮೇಲೆ ಕೂರಿಸಿದ ಬಾಗಿಲು ಬೇರೆ. ಕಟ್ಟಡಕ್ಕೆ ಇಂಧನ ಉಳಿತಾಯದ ಪ್ರಮಾಣಪತ್ರ ಸಿಗಬೇಕಾದರೆ ಕೂರಿಸಿದ ಮೇಲೆ ಇನ್ನೊಮ್ಮೆ ಗಾಳಿ ಪರೀಕ್ಷೆ ಆಗಬೇಕಿತ್ತು. ಬೆಳಿಗ್ಗೆ ಒಮ್ಮೆ, ಇಳಿಬಿಸಿಲು ಬಿದ್ದು ಅಲ್ಯೂಮಿನಿಯಂ ಕಾದ ಮೇಲೆ ಸಂಜೆ ಒಮ್ಮೆ. ಇಡೀ ಬಾಗಿಲಿಗೆ ಸೆಕೆಂಡಿಗೆ ಮೂವತ್ತೈದು ಲೀಟರಿನೊಳಗೆ ಸೋರಿದರೆ ಪಾಸು. ಶುಕ್ರವಾರ ಪುಣೆಯಿಂದ ಹರಿಶ್ಚಂದ್ರ ಎಂಬ ಪರೀಕ್ಷಕರು ಬರುವವರಿದ್ದರು. ಗೋವಾದಲ್ಲಿ ನಾನು ನೋಡಿಕೊಂಡ ಹಿಂದಿನ ಬಾಗಿಲು ಫೇಲಾಗಿತ್ತು. ಇದೂ ಫೇಲಾದರೆ ಬೇರೆ ಕೆಲಸ ನೋಡಿಕೋ ಎಂದು ಮ್ಯಾನೇಜರು ಫೋನಿನಲ್ಲಿ ನಗುನಗುತ್ತಲೇ ಹೇಳಿದ್ದ. ನಗುತ್ತ ಕತ್ತು ಕೊಯ್ಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಆ ಗುಡ್ಡದಿಂದ ಕೆಳಗೆ ನೋಡಿದರೆ ನಮ್ಮ ಹಳೆಯ ಮನೆ ಇದ್ದ ಜಾಗ ಕಾಣುತ್ತದೆ. ಈಗ ಅಲ್ಲಿ ಬೇಲಿ, ಒಂದಷ್ಟು ಗಾಳಿಮರ. 1999ರಲ್ಲಿ ನೌಕಾನೆಲೆಯ ಯೋಜನೆಗೆಂದು ಆ ಜಾಗ ಬಿಟ್ಟುಕೊಟ್ಟು ನಾವು ಅಂಕೋಲೆಗೆ ಬಂದೆವು. ನನ್ನ ತಂಗಿ ದೀಪಾಲಿ ಸತ್ತದ್ದು ಆ ಮನೆಯಲ್ಲಿ, 1991ರ ಜೂನಿನಲ್ಲಿ. ಅವಳಿಗೆ ಹತ್ತೊಂಬತ್ತು ವರ್ಷ. ಉಬ್ಬಸದ ಕಾಯಿಲೆ. ಹಾಗಾಗಿ ನಾನು ಗುಡ್ಡದ ಮೇಲೆ ನಿಂತಾಗ ಸಮುದ್ರ ನೋಡುತ್ತಿದ್ದೆ, ಕೆಳಗೆ ನೋಡುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಹಾಲಿನ ಮಿಕ್ಕ ಕಿಟಕಿ ಕಿಂಡಿಗಳಿಗೆಲ್ಲ ಟೇಪು ಸುತ್ತಿ, ಹಿಂಬಾಗಿಲಿನಲ್ಲಿ ನಮ್ಮ ದೊಡ್ಡ ಫ್ಯಾನು ಕೂರಿಸಿದೆ. ಈ ಫ್ಯಾನು ಒಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತದೆ. ಒಳಗೆ ಗಾಳಿ ಕಡಿಮೆಯಾದಾಗ ಹೊರಗಿನ ಗಾಳಿ ಗಾಜಿನ ಬಾಗಿಲಿನ ಸಂದುಗಳಿಂದ ಒಳಕ್ಕೆ ನುಗ್ಗುತ್ತದೆ. ಎಷ್ಟು ನುಗ್ಗಿತು ಎಂದು ಮೀಟರು ಹೇಳುತ್ತದೆ. ಬೆಳಗಿನ ಲೆಕ್ಕ ಮೂವತ್ಮೂರು ಲೀಟರು, ಅಂಕೆ ಅಲುಗಾಡಲೂ ಇಲ್ಲ. ಬಾಗಿಲು ಕೂರಿಸಿದ ಪ್ರದೀಪನ ಬೆನ್ನು ತಟ್ಟಿದೆ. ಅವನು ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ ಬೆಳೆದ, ಐಟಿಐ ಕಲಿತ ಮೂವತ್ತರ ಹತ್ತಿರದ ಫಿಟ್ಟರು. ಕೈ ಚೊಕ್ಕ, ಬಾಯಿ ಮಾತ್ರ ಸಡಿಲ.

ಸಂಜೆ ಐದಕ್ಕೆ ಬಂದು ನೋಡಿದರೆ ಮೊದಲನೆಯ ಕದ ಒಂದು ಬೆರಳಿನಷ್ಟು ತೆರೆದಿತ್ತು.

ಬೀಗ ಹಾಕಿದ್ದ ಬಾಗಿಲು. ನಾನು ಪ್ರದೀಪನ ಮೇಲೆ ಹರಿಹಾಯ್ದೆ. "ಬೀಡಿ ಸೇದೂಕೆ ಬೇರೆ ಬಾಗ್ಲಿಲ್ವನಾ ನಿಂಗೆ? ತೊಂಬತ್ತು ಕಿಲೋದ ಕದ, ತೆಗೆದು ಹಾಕಿ ಮಾಡಿದ್ರೆ ರಬ್ಬರು ಹಾಳಾಗ್ತದೆ ಹೇಳಿ ಗೊತ್ತಿಲ್ವ?"

"ದೇವರಾಣೆ ನಾ ಮುಟ್ಲಿಲ್ಲ ಸರ್," ಎಂದ. "ಚಾವಿ ನೋಡಿ, ಮೊಳೆಗೇ ಇದ್ದದೆ."

ಕದ ಎಳೆದು ಬೀಗ ಹಾಕಿ ಫ್ಯಾನು ಹಚ್ಚಿದೆ. ನಲವತ್ತಾರು. ಬೆಳಿಗ್ಗೆ ಮೂವತ್ಮೂರು ಇದ್ದದ್ದು ಸಂಜೆ ನಲವತ್ತಾರು! ಅದೂ ನಿಂತ ಅಂಕೆಯಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು.

ಸೋರುವ ಜಾಗ ಹುಡುಕುವುದಕ್ಕೆ ಕಂಪನಿಯವರು ಹೊಗೆಯ ಕಡ್ಡಿ ಕೊಡುತ್ತಾರೆ. ಒಂದು ಕಡ್ಡಿಯ ಬೆಲೆಗೆ ಒಂದು ವರ್ಷದ ಊದುಬತ್ತಿ ಬರುತ್ತದೆ, ಹಾಗಾಗಿ ನಾನು ಊದುಬತ್ತಿಯನ್ನೇ ಹಚ್ಚುವವನು. ಒಳಗಿನಿಂದ ಸಂದಿನ ಹತ್ತಿರ ಹಿಡಿದರೆ, ಸೋರುವಲ್ಲಿ ಹೊಗೆ ನನ್ನ ಕಡೆ ಬಾಗಬೇಕು. ಕದ ಕದ ಹಿಡಿದು ಬಂದೆ. ನಡುವಿನ ಕದದ ಕೆಳಭಾಗಕ್ಕೆ ಬಂದಾಗ ಹೊಗೆ ನನ್ನ ಕಡೆ ಬಾಗಿತು. ಸರಿ, ಸಿಕ್ಕಿತು ಎಂದುಕೊಂಡೆ. ಅಷ್ಟರಲ್ಲಿ ಅದೇ ಹೊಗೆ ತಿರುಗಿ ಬಾಗಿಲಿನ ಕಡೆ ಬಾಗಿತು. ಮತ್ತೆ ನನ್ನ ಕಡೆ. ಮತ್ತೆ ಬಾಗಿಲಿನ ಕಡೆ. ಅಷ್ಟು ದೊಡ್ಡ ಫ್ಯಾನು ಹಿಂದಿನಿಂದ ಎಳೆಯುತ್ತಿರುವಾಗ ಹೊಗೆ ಅದಕ್ಕೆ ಎದುರಾಗಿ ಹೋಗುವುದು ಸಾಧ್ಯವೇ ಇಲ್ಲ.

"ಅಲೆಯ ಹೊಡ್ತ ಆಗಿರ್ಬೇಕು ಸರ್," ಎಂದ ಪ್ರದೀಪ. ಗಡಿಯಾರ ಹಿಡಿದು ಎಣಿಸಿದೆ. ಕೆಳಗಿನ ಅಲೆ ನಿಮಿಷಕ್ಕೆ ಎಂಟು. ಹೊಗೆ ಮಾತ್ರ ನಿಮಿಷಕ್ಕೆ ಹದಿನೆಂಟು ಸಲ ಹೋಗಿ ಬರುತ್ತಿತ್ತು. ಹೊಗೆ ಅಲುಗಾಡುತ್ತಿದ್ದ ಎತ್ತರ ನೆಲದಿಂದ ಎರಡೂವರೆ ಅಡಿ. ನೆಲದಲ್ಲಿ ಕೂತವರ ಮೂಗಿನ ಎತ್ತರ ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆದಿತ್ತೋ ಏನೋ, ನಾನು ಬಿಟ್ಟುಕೊಡಲಿಲ್ಲ.

ಮಂಗಳವಾರ ಇಡೀ ಹಗಲು ಆ ಕದಕ್ಕೆ ಹೊಸ ರಬ್ಬರು ಹಾಕಿದೆವು. ಮಧ್ಯಾಹ್ನ ಗಾಜು ಒರೆಸುತ್ತಿದ್ದ ಮಂಜಿ ನನ್ನನ್ನು ಕರೆದಳು. ಮಂಜಿ ನಮ್ಮ ಹಳೆಯ ಮನೆಯ ಹತ್ತಿರದ ಕೆಳಗಿನ ಕೇರಿಯವಳು, ಅರವತ್ತು ದಾಟಿದವಳು, ಕಟ್ಟಡದ ಕಸಗುಡಿಸುವ ಕೆಲಸ ಅವಳದು. ನಡುವಿನ ಕದದ ಒಳಮೈಯಲ್ಲಿ, ಕೆಳಗೆ, ಅಂಗೈ ಅಗಲದ ಮಬ್ಬು ಕೂತಿತ್ತು.

"ಮೂರು ಸಲ ಒರ್ಸ್ದೆ ಒಡೆಯಾ. ಮತ್ತೆ ಮತ್ತೆ ಬತ್ತದೆ. ಯಾರೋ ಮೂತಿ ಇಟ್ಟು ಉಸ್ರು ಬಿಟ್ಟಂಗೆ."

"ಎಸಿ ತಂಪಿಗೆ ನೀರು ಕೂತದೆ, ಅಷ್ಟೆ," ಎಂದೆ. ಎಸಿ ಇನ್ನೂ ಜೋಡಿಸಿರಲಿಲ್ಲ. ಜೋಡಿಸಿದ್ದರೂ ಎರಡು ಪದರದ ಗಾಜಿನ ಮೇಲೆ ಹಾಗೆ ನೀರು ಕೂರುವುದಿಲ್ಲ, ಆ ಗಾಜಿಗೆ ಅಷ್ಟು ದುಡ್ಡು ಕೊಡುವುದೇ ಅದಕ್ಕೆ. ಮಂಜಿ ನನ್ನ ಮುಖವನ್ನೊಮ್ಮೆ ನೋಡಿ, ಆ ಮಬ್ಬನ್ನು ಹಾಗೆಯೇ ಬಿಟ್ಟು ಪಕ್ಕದ ಕದ ಒರೆಸತೊಡಗಿದಳು.

ಸಂಜೆ ಚಹಾ ಕುಡಿದು ಬಂದಾಗ ಮೊದಲನೆಯ ಕದ ಮತ್ತೆ ಒಂದು ಬೆರಳು ತೆರೆದಿತ್ತು. ಅದನ್ನು ಹಾಕಿ ಅಳೆದರೆ ಲೆಕ್ಕ ನಲವತ್ತೊಂದಕ್ಕೆ ಇಳಿದಿತ್ತು. ಹೊಗೆ ಮಾತ್ರ ನಿಮಿಷಕ್ಕೆ ಇಪ್ಪತ್ನಾಲ್ಕಕ್ಕೆ ಏರಿತ್ತು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಆಯಿ ಮೀನಿನ ಸಾರು ಬಡಿಸುತ್ತ ಕೇಳಿದಳು. "ದಿನಾ ಅಮದಳ್ಳಿ ಕಡೆ ಹೋಗ್ತ್ಯಲ, ಹೊಸ್ಲು ಬಿಟ್ಟ ಜಾಗಕ್ಕೆ ಹೋಗಿದ್ಯಾ? ಒಂದು ಹೂವಾದ್ರೂ ಇಟ್ಟು ಬಾ."

ಇದನ್ನು ವಿವರಿಸಬೇಕು. ನಮ್ಮ ಕಡೆ ಮನೆ ಬಿಚ್ಚುವಾಗ ಹಂಚು, ತೊಲೆ, ಕಿಟಕಿ ಏನು ಬೇಕಾದರೂ ಮಾರಬಹುದು. ಹೆಬ್ಬಾಗಿಲಿನ ಹೊಸ್ತಿಲನ್ನು ಮಾರುವಂತಿಲ್ಲ. ಆ ಮನೆಯಲ್ಲಿ ಕೊನೆಗೆ ಸತ್ತವರ ಹೆಸರು ಹಿಡಿದು ಕರೆದು, 'ನಾವು ಹೊರಟೆವು, ನೀನೂ ಬಾ' ಎಂದು ಹೇಳಿ ಅದನ್ನು ಎತ್ತಬೇಕು, ಹೊಸ ಮನೆಗೆ ಒಯ್ಯಬೇಕು. ಒಯ್ಯಲಾಗದಿದ್ದರೆ ಸಮುದ್ರಕ್ಕೆ ಬಿಡಬೇಕು. ಮನೆ ಬಿಚ್ಚುವ ದಿನ ಆಯಿಗೆ ಜ್ವರ. ಹೊಸ್ತಿಲು ಎತ್ತುವ ಕೆಲಸ ನನಗೆ ಬಂತು. ನಾನು ಹೆಸರು ಕರೆಯಲಿಲ್ಲ. ದೀಪಾಲಿ ಎಂಬ ಮೂರು ಅಕ್ಷರ ನನ್ನ ಬಾಯಿಂದ ಹೊರಟು ಆಗಲೇ ಎಂಟು ವರ್ಷವಾಗಿತ್ತು. ಮಿಕ್ಕ ಮರದ ಜೊತೆ ಅದನ್ನೂ ಅಂಕೋಲೆಯ ಹಳೇ ಮರದ ಅಂಗಡಿಯ ಲಾರಿಗೆ ಹೇರಿಸಿದೆ. ಆಯಿಗೆ ಸಮುದ್ರಕ್ಕೆ ಬಿಟ್ಟೆ ಎಂದೆ.

"ನಾಳೆ ಇಟ್ಟು ಬರ್ತೆ," ಎಂದು ಎದ್ದು ಕೈ ತೊಳೆದೆ. ಸಾರು ಅರ್ಧ ಉಳಿದಿತ್ತು.

ಬುಧವಾರ ಬೀಗ ಹಾಕಿ ಚಾವಿಯನ್ನು ನನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನ ಊಟ ಮಾಡುವಾಗಲೂ ಜೇಬು ಮುಟ್ಟಿ ನೋಡಿಕೊಂಡೆ. ಸಂಜೆ ಐದಕ್ಕೆ ಕದ ಒಂದು ಬೆರಳು ತೆರೆದಿತ್ತು. ಬೀಗದ ನಾಲಗೆ ಹೊರಗೇ ಚಾಚಿಕೊಂಡಿತ್ತು, ಅದು ಕೂರಬೇಕಾದ ತೂತು ಒಂದು ಬೆರಳು ಆಚೆ ಇತ್ತು. ಜೇಬಿನ ಚಾವಿ ತೆಗೆದು ಬೀಗ ಬಿಡಿಸಿ, ಕದ ಎಳೆದು, ಮತ್ತೆ ಬೀಗ ಹಾಕಿ ಫ್ಯಾನು ಹಚ್ಚಿದೆ. ಲೆಕ್ಕ ಮೂವತ್ತೇಳು, ಹೊಗೆ ಮೂವತ್ತು ಸಲ. ಒಂದು ಹೊಸ ಸಂಗತಿ ಅವತ್ತು ಕಂಡಿತು. ಹೊಗೆ ಬಾಗಿಲಿನ ಕಡೆ ಹೋಗುವುದು ಚುಟುಕಾಗಿತ್ತು, ಕಿತ್ತುಕೊಂಡ ಹಾಗೆ. ನನ್ನ ಕಡೆ ಬರುವುದು ನಿಧಾನ, ಎಳೆದೆಳೆದು, ಮುಗಿಯುವುದೇ ಇಲ್ಲವೇನೋ ಎನ್ನುವಂತೆ. ಹಾಗೆ ಉಸಿರಾಡುವವರ ಪಕ್ಕದಲ್ಲಿ ನಾನು ಹದಿನಾರು ವರ್ಷ ಮಲಗಿದ್ದೇನೆ. ನನಗೆ ಗೊತ್ತಾಯಿತು. ಗೊತ್ತಾಗದವನ ಹಾಗೆ ಮೀಟರು ಆರಿಸಿ, ನಾಳೆ ಕೆಳಗಿನ ಹಳಿಯುದ್ದಕ್ಕೂ ಸಿಲಿಕೋನ್ ಹೊಡೆದುಬಿಡೋಣ ಎಂದು ಪ್ರದೀಪನಿಗೆ ಹೇಳಿ ಮನೆಗೆ ಹೊರಟೆ. ನಾಚಿಕೆ ಬಿಟ್ಟು ಹೇಳುವುದಾದರೆ, ಆಗಲೂ ನನಗೆ ಹೆಚ್ಚಿನ ಭಯ ಇದ್ದದ್ದು ಹರಿಶ್ಚಂದ್ರರದು.

ಗುರುವಾರ ನಾಲ್ಕೂವರೆಗೇ ಫ್ಯಾನು ಹಚ್ಚಿದೆ. ಸೂರ್ಯ ಇನ್ನೂ ಮೇಲಿದ್ದ, ಹಾಲಿನ ತುಂಬ ಬಿಸಿಲು. ಪ್ರದೀಪ ಸಿಲಿಕೋನ್ ಗನ್ನು ಹಿಡಿದು ಕೆಳಗಿನ ಹಳಿಯ ಎರಡೂ ತುದಿಯಿಂದ ನಡುವಿಗೆ ಬರುತ್ತಿದ್ದ. ನಾನು ಮೀಟರಿನ ಮುಂದೆ ಕೂತೆ. ಮೂವತ್ತೇಳು. ಮೂವತ್ತಾರೂವರೆ. ಮೂವತ್ತಾರು. ಅವನು ಹತ್ತಿರ ಬಂದಷ್ಟೂ ಅಂಕೆ ಇಳಿಯುತ್ತಿತ್ತು, ಇಳಿದಷ್ಟೂ ಅದರ ಏರಿಳಿತ ಚುರುಕಾಗುತ್ತಿತ್ತು. ನಿಮಿಷಕ್ಕೆ ನಲವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ನಡುವಿನ ಕದದ ಗಾಜಿನಲ್ಲಿ ಮಬ್ಬು ಮೂಡಿ ಆರುತ್ತಿತ್ತು, ಮೂಡಿ ಆರುತ್ತಿತ್ತು. ಬಾಗಿಲು ಒರೆಸುತ್ತಿದ್ದ ಮಂಜಿ ಬಟ್ಟೆ ಕೆಳಗಿಟ್ಟು ಗೋಡೆಗೆ ಆತು ನಿಂತಳು.

ಫ್ಯಾನಿನ ವೈರು ಸರಿಮಾಡಲು ಒಂದು ಗಳಿಗೆ ಅದನ್ನು ನಿಲ್ಲಿಸಿದೆ. ಫ್ಯಾನಿನ ಗದ್ದಲ ಅಡಗಿತು. ಅದರಡಿ ಇದ್ದ ಇನ್ನೊಂದು ಸದ್ದು ಮಾತ್ರ ನಿಲ್ಲಲಿಲ್ಲ. ತೂತು ಬಿದ್ದ ಹಾರ್ಮೋನಿಯಂ ತಿದಿಯ ಹಾಗೆ, ಸುಂಯ್ ಎಂದು ಒಳಕ್ಕೆ, ಹೀ... ಎಂದು ಹೊರಕ್ಕೆ. ನಡುವಿನ ಕದದ ಬುಡದಿಂದ ಬರುತ್ತಿತ್ತು.

ಪ್ರದೀಪನಿಗೂ ಕೇಳಿಸಿತ್ತು. ಬೇಗ ಮುಗಿಸಿ ಓಡುವ ಅವಸರ ಅವನಿಗೆ. "ಇನ್ನು ಒಂದು ಬೆರಳಷ್ಟು ಉಳಿದದೆ ಸರ್. ಮುಚ್ಚಿಬಿಟ್ರೆ ಪಾಸು. ಮುಚ್ಲಾ?"

ಒಂದು ಬೆರಳು.

1991ರ ಜೂನ್, ಮಳೆ ಹಿಡಿದು ನಾಲ್ಕನೆಯ ದಿನ. ಆಯಿ ನೆಂಟರ ಮನೆಗೆಂದು ರಾಮನಗುಳಿಗೆ ಹೋದವಳು ಮಳೆಗೆ ಸಿಕ್ಕಿಕೊಂಡಿದ್ದಳು. ಮನೆಯಲ್ಲಿ ನಾನು, ದೀಪಾಲಿ ಇಬ್ಬರೇ. ದಮ್ಮು ಹೆಚ್ಚಾದಾಗ ಅವಳು ಹೊಸ್ತಿಲ ಮೇಲೆ ಕೂರುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲ ಮೇಲೆ ಕೂರಬಾರದು ಎಂದು ಆಯಿ ಎಷ್ಟು ಬೈದರೂ ಏಳುತ್ತಿರಲಿಲ್ಲ. ಸಮುದ್ರದ ಗಾಳಿಗೆ ಮುಖ ಕೊಟ್ಟು, ತಲೆಯ ಹೇರ್‌ಪಿನ್ನು ತೆಗೆದು ಹೊಸ್ತಿಲ ಅಂಚಿನಲ್ಲಿ ಒಂದೊಂದೇ ಗೀರು ಎಳೆಯುತ್ತಿದ್ದಳು. ಒಂದು ಸಂಜೆ ದಾಟಿದರೆ ಒಂದು ಗೀರು, ಅದು ಅವಳ ಲೆಕ್ಕ. ಅವತ್ತು ಎರಚಲು ಹೊಡೆದು ದೀಪ ಮೂರು ಸಲ ಆರಿತು, ಜಗಲಿಯೆಲ್ಲ ಒದ್ದೆ. ನನಗೆ ಸಿಟ್ಟು ಬಂತು. ನನ್ನ ಸಿಟ್ಟಿಗೆ ಯಾವಾಗಲೂ ದೊಡ್ಡ ಕಾರಣ ಬೇಕಾಗುವುದಿಲ್ಲ. ಅವಳನ್ನು ಒಳಕ್ಕೆ ಸರಿಸಿ ಬಾಗಿಲು ಹಾಕಿ ಅಗಳಿ ಜಡಿದೆ.

"ಒಂದು ಬೆರಳು ಬಿಡು ದಾದಾ," ಎಂದಳು, ಆಯಿಯ ಹತ್ತಿರ ದಿನಾ ಕೇಳುವ ಹಾಗೆ. "ಒಂದೇ ಬೆರಳು."

"ಒಂದು ಕೂದ್ಲೂ ಇಲ್ಲ. ಸುಮ್ನೆ ಕೂತ್ಕ," ಎಂದು ನಾನು ಹಿತ್ತಿಲ ಕೋಣೆಗೆ ಹೋಗಿ ರೇಡಿಯೋ ಹಚ್ಚಿದೆ. ಒಂದು ತಾಸು ಬಿಟ್ಟು ಬಂದಾಗ ಅವಳು ಹೊಸ್ತಿಲಿಗೆ ಹತ್ತಿಕೊಂಡು, ಬಾಗಿಲಿಗೆ ಒರಗಿ ಕೂತಿದ್ದಳು. ಬೆರಳಲ್ಲಿ ಪಿನ್ನು ಇತ್ತು. ಅಗಳಿ ಎತ್ತುವಷ್ಟು ಶಕ್ತಿ ಅವಳಿಗೆ ಇರಲಿಲ್ಲ, ನನ್ನನ್ನು ಕೂಗುವಷ್ಟು ಉಸಿರೂ ಇರಲಿಲ್ಲ. ಬಾಗಿಲು ತೆರೆದಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರರು ಹೇಳಿದರು. ಬಾಗಿಲು ತೆರೆದೇ ಇತ್ತು ಎಂದು ನಾನು ಆಯಿಗೆ ಹೇಳಿದೆ.

"ಗನ್ನು ಕೆಳಗಿಡು," ಎಂದೆ ಪ್ರದೀಪನಿಗೆ. "ಈ ಹಳಿ ಕೆಳಗೆ ಎಂತ ಇಟ್ಟಿದ್ದೆ?"

ಅವನು ತಡವರಿಸಿದ. ಹಳಿಯ ಕೆಳಗೆ ಮಟ್ಟ ಮಾಡಲು ಕಂಪನಿ ಪ್ಲಾಸ್ಟಿಕ್ ಪಟ್ಟಿ ಕೊಟ್ಟಿತ್ತು. ಅಂಚುಗಳಿಗೆ ಅದು ಸಾಕಾಯಿತು, ನಡುವೆ ನೆಲ ತಗ್ಗಿತ್ತು. "ಉಪ್ಪು ಗಾಳಿಗೆ ಹೊಸ ಮರ ನಿಲ್ಲೂದಿಲ್ಲ ಸರ್. ಹಳೇ ಮನೆ ಮರ ಆದ್ರೆ ಕಬ್ಬಿಣ. ಅಂಕೋಲೆಯ ಹಳೇ ಮರದ ಅಂಗಡೀಲಿ ಒಂದು ಮತ್ತಿ ತುಂಡು ಸುಮಾರು ವರ್ಷದಿಂದ ಬಿದ್ದಿತ್ತು. ಯಾರೂ ಒಯ್ಯಲಿಲ್ಲ ಹೇಳಿ ಅಗ್ಗಕ್ಕೆ ಕೊಟ್ಟ. ಎರಡು ತುದೀಲೂ ತೂತಿತ್ತು, ನಾ ತಲೆ ಕೆಡಿಸ್ಕಳ್ಳಲಿಲ್ಲ."

ಎರಡು ತುದಿಯಲ್ಲಿ ತೂತಿರುವ ಮರ ಹೊಸ್ತಿಲಲ್ಲದೆ ಇನ್ನೇನು? ಬಾಗಿಲಿನ ನಿಲುವುಗಳು ಕೂರುವ ತೂತು. ಊರಿನವರು ಯಾರೂ ಅದನ್ನು ಮುಟ್ಟಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗನಿಗೆ ಅದು ಒಳ್ಳೆಯ ಮರ ಮಾತ್ರ. ಅವನನ್ನು ಬೈಯಲು ನನಗೆ ಬಾಯಿ ಎಲ್ಲಿತ್ತು? ಮಾರಿದವನು ನಾನು.

ಕದಗಳ ಭಾರವೆಲ್ಲ ಮೇಲಿನ ಹಳಿಯದು, ಕೆಳಗಿನದು ದಾರಿ ತೋರಿಸುವುದಕ್ಕೆ ಮಾತ್ರ. ಏಳೂ ಕದ ಮಡಚಿ ಮೂಲೆಗೆ ತಳ್ಳಿ, ಹೊಡೆದ ಸಿಲಿಕೋನೆಲ್ಲ ಕೆರೆದು, ಸ್ಕ್ರೂ ಬಿಚ್ಚಿ ಹಳಿ ಎತ್ತಿದೆವು. ನಾಳೆ ಪರೀಕ್ಷೆ ಎಂಬುದು ತಲೆಯಲ್ಲಿ ಎಲ್ಲೋ ಒಂದು ಕಡೆ ಇತ್ತು. ಕಪ್ಪು ಮರ ಕಾಣಿಸಿತು. ಸಂಜೆಯ ಬಿಸಿಲು ನೇರವಾಗಿ ಅದರ ಅಂಚಿನ ಮೇಲೆ ಬಿತ್ತು. ಸಾಲು ಸಾಲು ಸಣ್ಣ ಗೀರುಗಳು, ಹೊಲಿಗೆ ಹಾಕಿದಷ್ಟು ಒತ್ತಾಗಿ. ಸಾಲಿನ ಕೊನೆಯಲ್ಲಿ ನಾಲ್ಕು ಗೀರು ಬೇರೆ ಬಣ್ಣದವು. ಹಳೆಯವು ಎಣ್ಣೆ ಕುಡಿದು ಕಪ್ಪಾಗಿದ್ದವು. ಈ ನಾಲ್ಕು ಬೆಳ್ಳಗೆ, ಹಸಿಯಾಗಿ, ಪಕ್ಕದಲ್ಲೇ ಮರದ ಹುಡಿ ಇನ್ನೂ ಅಂಟಿಕೊಂಡು ಇದ್ದವು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ. ಆಗಸ್ಟಿನಿಂದ ಆ ಮರದ ಮೇಲೆ ಹಳಿ ಕೂತಿತ್ತು, ಇರುವೆ ನುಗ್ಗುವಷ್ಟೂ ಜಾಗ ಇರಲಿಲ್ಲ.

ಪ್ರದೀಪ ಒಂದು ತುದಿ ಹಿಡಿದ, ನಾನು ಇನ್ನೊಂದು. ಮೂರೂವರೆ ಅಡಿಯ ತುಂಡು ಅಲುಗಲೇ ಇಲ್ಲ. ಕೆಳಗೆ ಗಾರೆಯಿಲ್ಲ, ಮೊಳೆಯಿಲ್ಲ. ಸಬ್ಬಲು ಹಾಕಿದೆವು, ಸಬ್ಬಲೇ ಜಾರಿತು.

ಗೋಡೆಗೆ ಆತು ನಿಂತಿದ್ದ ಮಂಜಿ ಅಲ್ಲಿಂದಲೇ ಹೇಳಿದಳು. "ಹೆಸ್ರು ಕರೀದೆ ಎತ್ತಿರೆ ಹೆಂಗೆ ಬತ್ತದೆ ಒಡೆಯಾ? ನಿಮ್ಮವ್ರೇ ಅಲ್ಲ್ವ? ಕರೀರಿ."

ನಾನು ಮೊಣಕಾಲೂರಿ ಕೂತೆ. ಹದಿನೆಂಟು ವರ್ಷದ ಮೇಲೆ ಆ ಹೆಸರು ಹಿಡಿದು ಕರೆದೆ. "ದೀಪಾಲಿ," ಎಂದೆ. ದನಿ ನನ್ನದೆಂದು ಅನ್ನಿಸಲಿಲ್ಲ. "ದೀಪಾಲಿ, ತಪ್ಪಾಯ್ತೆ. ಬಾ, ಮನೆಗೆ ಹೋಗುವಾ."

ಎತ್ತಿದೆವು. ಬಂತು. ಅಷ್ಟು ಹಗುರ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಬಾಗಿಲು ಶುಕ್ರವಾರ ಪಾಸಾಯಿತು. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಮುಂದಿನದರಲ್ಲಿ ಅದಕ್ಕೆ ಜಾಗವಿಲ್ಲ. ಪ್ರದೀಪ ರಾತ್ರಿಯೇ ಹಳಿಯ ಕೆಳಗೆ ಗ್ರಾನೈಟ್ ಪಟ್ಟಿ ಕೂರಿಸಿದ. ಬೆಳಿಗ್ಗೆ ಮೂವತ್ಮೂರು, ಸಂಜೆಯೂ ಮೂವತ್ಮೂರು. ಇಷ್ಟು ಅಲುಗಾಡದ ಅಂಕೆ ತಾನು ನೋಡೇ ಇಲ್ಲ ಎಂದು ಹರಿಶ್ಚಂದ್ರರು ಎರಡು ಸಲ ಹೇಳಿದರು. ನಾನು ಸಹಿ ಹಾಕಿದೆ. ಆ ಹಾಲು ಅವತ್ತು ಬರೀ ಹಾಲಾಗಿತ್ತು.

ಗುರುವಾರ ಸಂಜೆ ಹೊಸ್ತಿಲನ್ನು ಗೋಣಿಯಲ್ಲಿ ಸುತ್ತಿ ಒಂದು ಟೆಂಪೋದಲ್ಲಿ ಹೇರಿಕೊಂಡು ಅಂಕೋಲೆಗೆ ಹೊರಟೆ. ಹಿಂದೆ ಹಾಕಲು ಮನಸ್ಸು ಬಾರದೆ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ನಿಲ್ಲಿಸಿಕೊಂಡೆ. ಅಮದಳ್ಳಿ ದಾಟುವಷ್ಟರಲ್ಲಿ ಆ ಕಡೆಯ ಕಿಟಕಿಯ ಗಾಜು ಒಂದು ಕಡೆ ಮಬ್ಬಾಯಿತು. ನಾನು ಕೈ ಚಾಚಿ ಗಾಜನ್ನು ಒಂದು ಬೆರಳು ಇಳಿಸಿದೆ.

ಅಂಕೋಲೆಯ ನಮ್ಮ ಮನೆಯ ಬಾಗಿಲು ನಾನೇ ನಿಂತು ಮಾಡಿಸಿದ್ದು. ನಾಲ್ಕೂ ಕಡೆ ರಬ್ಬರು, ಬುಡದಲ್ಲಿ ತಾನಾಗಿ ಇಳಿಯುವ ಪಟ್ಟಿ. ಹಾಕಿದರೆ ಊದುಬತ್ತಿಯ ಹೊಗೆ ನೆಟ್ಟಗೆ ನಿಲ್ಲುತ್ತದೆ. ಬಂದವರಿಗೆಲ್ಲ ತೋರಿಸಿ ಜಂಬ ಕೊಚ್ಚಿಕೊಂಡವನು ನಾನು. ಹೊಸ್ತಿಲನ್ನು ಒಳಗೆ ತಂದು ಅದೇ ಬಾಗಿಲಿನ ಬುಡಕ್ಕೆ ಇಟ್ಟು, ಅಭ್ಯಾಸ ಬಲದಿಂದ ಬಾಗಿಲು ಹಾಕಿದೆ. ಆಯಿ ದೇವರ ಕೋಣೆಯಿಂದ ಬಂದಳು, ಗೋಣಿ ಸರಿಸಿದಳು, ನೆಲದ ಮೇಲೆ ಕೂತಳು. ಪೊರೆ ಬಂದ ಕಣ್ಣು, ನೋಡುವುದೆಲ್ಲ ಬೆರಳಿನಿಂದ. ಗೀರುಗಳ ಮೇಲೆ ಬೆರಳಾಡಿಸುತ್ತ ಸಾಲು ಮುಗಿಯುವ ತನಕ ಹೋದಳು. ಕೊನೆಯ ನಾಲ್ಕರ ಹತ್ತಿರ ಬೆರಳು ನಿಂತಿತು.

"ಸಮುದ್ರಕ್ಕೆ ಬಿಡಲಿಲ್ಲ ಆಯಿ," ಎಂದೆ. "ಮಾರಿದ್ದೆ."

"ಹೌದನ," ಎಂದಳು. ಬೈಯಲಿಲ್ಲ. "ಮತ್ತೆ?" ಎಂದಳು.

ನಾನು ಗೋಣಿ ಮಡಚತೊಡಗಿದೆ.

"ಬಾಗ್ಲು ಹಾಕಿತ್ತಲ, ಅವತ್ತು?"

ನಾನು ತಲೆ ಎತ್ತಿದೆ. "ನಿಂಗೆ ಯಾರು ಹೇಳಿದ್ರು?"

"ನೀನೇ. ಮರುದಿನ ನಾ ಬಂದಾಗ ಬಾಗ್ಲಿಗೆ ಒರಗಿ ಕೂತಿತ್ತು ಹೇಳಿದ್ಯಲ. ತೆರೆದ ಬಾಗ್ಲಿಗೆ ಯಾರಾದ್ರೂ ಒರಗ್ತಾರಾ, ತಮಾ?"

ಹದಿನೆಂಟು ವರ್ಷ. ದಿನಾ ನನಗೆ ಅನ್ನ ಬಡಿಸುತ್ತ, ನನ್ನ ಕೆಲಸವನ್ನು ನೆಂಟರೆದುರು ಗೇಲಿ ಮಾಡುತ್ತ, ಅದನ್ನು ಒಳಗೇ ಇಟ್ಟುಕೊಂಡು ಇದ್ದಳು. ನಾನಾಗಿ ಹೇಳಲಿ ಎಂದು ಕಾದಿದ್ದಳೋ, ಹೇಳದಿರಲಿ ಎಂದು ಹರಕೆ ಹೊತ್ತಿದ್ದಳೋ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ನಾನು ಅಳತೊಡಗಿದೆ. ನಲವತ್ತರ ಗಂಡಸು, ಹೊಸ್ತಿಲಿಗೆ ಹಣೆ ಹಚ್ಚಿ ಅತ್ತೆ. ಆಗಲೇ, ಹಣೆಯ ಹತ್ತಿರ, ಸುಂಯ್ ಎನ್ನುವ ಆ ಎಳೆತ ಕೇಳಿಸಿತು. ದೇವರ ಮುಂದಿನ ಊದುಬತ್ತಿಯ ಹೊಗೆ ಅಷ್ಟು ದೂರದಿಂದ ಬಾಗಿಲಿನ ಕಡೆಗೆ ಬಾಗಿ ಬರುತ್ತಿತ್ತು, ಕಿತ್ತು ಕಿತ್ತು ಬರುತ್ತಿತ್ತು. ನನ್ನ ಒಳ್ಳೆಯ ಬಾಗಿಲು ಎಲ್ಲೂ ಸಂದು ಬಿಡದೆ ಮುಚ್ಚಿಕೊಂಡಿತ್ತು.

ಆಯಿಗೂ ಕೇಳಿಸಿತು. ಅವಳು ಹೆದರಲಿಲ್ಲ. ಮರದ ಮೇಲೆ ಅಂಗೈ ಇಟ್ಟು, ಮಗುವಿನ ಬೆನ್ನು ಸವರುವ ಹಾಗೆ ಮೆಲ್ಲಗೆ ಸವರತೊಡಗಿದಳು.

"ಎಂತ ನೋಡ್ತ್ಯಾ?" ಎಂದಳು ನನಗೆ. "ಎಷ್ಟು ಕೇಳ್ತದೆ ಅದು? ಒಂದು ಬೆರಳಲ್ಲ್ವ? ಬಿಡು."

ಎದ್ದು ಬಾಗಿಲು ಎಳೆದೆ, ಒಂದು ಬೆರಳು. ಹೊರಗಿನ ತಂಪು ಒಳಗೆ ಬಂತು. ಹೊಗೆ ನಿಧಾನವಾಯಿತು. ನಾನು ಗಡಿಯಾರ ನೋಡುತ್ತ ಕೂತೆ. ಮೂವತ್ತು, ಇಪ್ಪತ್ನಾಲ್ಕು, ಹದಿನೆಂಟು. ಅಲ್ಲಿಗೆ ನಿಂತಿತು, ಮಲಗಿದವರ ಉಸಿರಿನಷ್ಟು ಸಮವಾಗಿ.

ಈಗ ಆ ಹೊಸ್ತಿಲು ನಮ್ಮ ಬಾಗಿಲಿನಲ್ಲೇ ಕೂತಿದೆ, ಹೊಸ ಗೀರು ಬಿದ್ದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಎಷ್ಟು ತೆರೆದಿರಬೇಕೋ ಅಷ್ಟು ತೆರೆದಿರುತ್ತದೆ. ಹೆಂಡತಿ ವಿಜೇತಾ ಎಸಿ ಹಾಕಿದ್ದೂ ದಂಡ ಎಂದು ಗೊಣಗುತ್ತಾಳೆ. ಊರಿನ ಬಾಗಿಲುಗಳನ್ನೆಲ್ಲ ಅಳೆಯುವವನು ನಾನು, ನಮ್ಮದು ಸೆಕೆಂಡಿಗೆ ಎಷ್ಟು ಲೀಟರು ಸೋರುತ್ತದೆ ಎಂದು ಅಳೆದಿಲ್ಲ.